ಬೀನ್ಸಿನ ನಾರು ಹೋದದ್ದು ಎಲ್ಲಿಗೆ?

ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಿ ಬೀನ್ಸ್ ಮಾರುವವರು ತಕ್ಕಡಿಗೆ ಕೈ ಹಾಕುವ ಮೊದಲು ಒಂದು ಕಾಯಿ ಎತ್ತಿಕೊಳ್ಳುತ್ತಾರೆ. ಬುಟ್ಟಿಯ ಮುಂದೆ ನಿಂತವರ ಕಣ್ಣೆದುರೇ ಅದನ್ನು ನಡುವಿಗೆ ಮುರಿಯುತ್ತಾರೆ. "ಟಪ್ ಅಂತ ಮುರೀತೈತಿ ನೋಡ್ರಿ ಅಕ್ಕಾರ, ನಾರಂಬೂದ ಇಲ್ಲ." ಮುರಿದ ಎರಡು ತುಂಡೂ ಬೇರೆ ಬೇರೆಯಾಗಿ ಕೈಗೆ ಬಂದರೆ ವ್ಯಾಪಾರ ಕುದುರಿದಂತೆ. ಒಂದು ಎಳೆ ಹಿಡಿದುಕೊಂಡು ಜೋತಾಡಿದರೆ ಗಿರಾಕಿ ಮುಂದಿನ ಬುಟ್ಟಿಗೆ ನಡೆಯುತ್ತಾರೆ. ಅದೇ ಕಾಯಿ ಮನೆಗೆ ಬಂದಾಗ, ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ, ತುದಿ ಮುರಿದು ಬೆನ್ನಗುಂಟ ಎಳೆಯುತ್ತಾರೆ. ಏನೂ ಬರುವುದಿಲ್ಲ. ಇನ್ನೊಂದು ತುದಿ ಮುರಿದು ಹೊಟ್ಟೆಗುಂಟ ಎಳೆಯುತ್ತಾರೆ. ಆಗಲೂ ಬರುವುದಿಲ್ಲ. ಕೈಗೆ ಮಾತ್ರ ಹಳೆಯ ರೂಢಿ ಬಿಟ್ಟಿಲ್ಲ.

ಹಿಂದೆ ಇದ್ದ ನಾರು ಈಗ ಇಲ್ಲವೆಂದರೆ ನಡುವೆ ಯಾರೋ ತೆಗೆದಿರಬೇಕಲ್ಲ? ಅದರ ಜೊತೆಗೇ ಇನ್ನೊಂದು ಪ್ರಶ್ನೆಯೂ ಇದೆ. ಎರಡಾಳೆತ್ತರ ಹಬ್ಬಬೇಕಾದ ಬಳ್ಳಿ ನಮ್ಮ ಹಿತ್ತಲಲ್ಲಿ ಮೊಣಕಾಲೆತ್ತರಕ್ಕೆ ನಿಂತು, ಕೋಲು ಬೇಡ, ಚಪ್ಪರ ಬೇಡ ಎನ್ನುತ್ತ ಕಾಯಿ ಬಿಡುತ್ತದೆ. ಇದು ಎಂದು ಶುರುವಾಯಿತು? ಟೆಲಿಫೋನು, ರೇಡಿಯೋ ಕಂಡುಹಿಡಿದವರ ಹೆಸರು ಶಾಲೆಯ ಮಕ್ಕಳಿಗೂ ಬಾಯಿಪಾಠ. ದಿನಾ ಪಲ್ಯ ಮಾಡುವ ಕಾಯಿಯನ್ನು ಈ ರೂಪಕ್ಕೆ ತಂದವರ ಹೆಸರು ನಮಗೆ ಬೇಕೆನಿಸುವುದೇ ಇಲ್ಲ. ಕೆಲವರ ಹೆಸರು ಸಿಗುತ್ತದೆ. ಕೆಲವರದು ಇನ್ನು ಸಿಗುವ ಮಾತೇ ಇಲ್ಲ.

ಸಿಗದವರಿಂದಲೇ ಶುರು ಮಾಡೋಣ. ಬೀನ್ಸ್ ನಮ್ಮ ನೆಲದ್ದಲ್ಲ. ಅವರೆ, ಹುರುಳಿ, ಅಲಸಂದೆ ಈ ದೇಶದಲ್ಲಿ ಸಾವಿರಾರು ವರ್ಷಗಳಿಂದ ಇವೆ. ಬೀನ್ಸ್ ಮಾತ್ರ ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆಗಳ ಹಾಗೆ ಅಮೆರಿಕ ಖಂಡದಿಂದ ಯುರೋಪಿಯನ್ನರ ಹಡಗಿನಲ್ಲಿ ಬಂದದ್ದು. ಬ್ಯಾಡಗಿ ಮೆಣಸಿನಕಾಯಿ ಹಾಕಿ ಬೀನ್ಸ್ ಪಲ್ಯ ಮಾಡಿದರೆ ಬಾಣಲೆಯಲ್ಲಿ ಇಬ್ಬರು ಪರದೇಶಿಗಳು ಕೂಡಿದಂತಾಯಿತು. ಮೇಲೆ ಉದುರಿಸುವ ಶೇಂಗಾ ಪುಡಿಯನ್ನೂ ಲೆಕ್ಕಕ್ಕೆ ಹಿಡಿದರೆ ಮೂವರು.

ಅಮೆರಿಕ ಖಂಡದ ಕಾಡುಬೀನ್ಸ್ ಈಗಲೂ ಮೆಕ್ಸಿಕೊದಿಂದ ಅರ್ಜೆಂಟೀನಾದವರೆಗಿನ ಬೆಟ್ಟಸಾಲಿನಲ್ಲಿ ಮರ ಪೊದೆಗಳಿಗೆ ಸುತ್ತಿಕೊಂಡು ಬೆಳೆಯುತ್ತದೆ. ಸಣ್ಣ ಬೀಜ, ಗಟ್ಟಿ ಸಿಪ್ಪೆ, ಒಣಗಿದರೆ ಸಿಡಿಯುವ ಕಾಯಿ. ಅದನ್ನು ಜನ ಎರಡು ಕಡೆ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಪಳಗಿಸಿದರು. ಒಂದು ಮೆಕ್ಸಿಕೊ ಕಡೆ, ಇನ್ನೊಂದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ. ಪೆರು ದೇಶದ ಗಿಟಾರೆರೊ ಎಂಬ ಗುಹೆಯಲ್ಲಿ ಸಿಕ್ಕ ಬೀನ್ಸ್ ಬೀಜಗಳು ಇನ್ನೂ ಹಲವು ಸಾವಿರ ವರ್ಷ ಹಳೆಯವೆಂದು ಮೊದಲು ನಂಬಿದ್ದರು, ಏಕೆಂದರೆ ಅವು ಬಿದ್ದಿದ್ದ ಮಣ್ಣಿನ ಪದರಿನ ವಯಸ್ಸನ್ನೇ ಅವುಗಳ ವಯಸ್ಸೆಂದು ಹಿಡಿದಿದ್ದರು. ಆಮೇಲೆ ಬೀಜಗಳನ್ನೇ ನೇರವಾಗಿ ಇಂಗಾಲದ ಪರೀಕ್ಷೆಗೆ ಹಾಕಿದರು. ಸುಮಾರು 4300 ವರ್ಷ ಎಂದು ಬಂತು. ಅಷ್ಟಾದರೂ ಸಣ್ಣ ಮಾತಲ್ಲ.

ಗಿಡ್ಡ ಬೀನ್ಸನ್ನು ಮೊದಲು ಕಂಡವರು ಅಲ್ಲಿನ ಬೇಸಾಯದ ಹೆಂಗಸರೋ ಗಂಡಸರೋ ಇರಬೇಕು. ಅವರು ಏನನ್ನು ಕಂಡರು ಎಂಬುದನ್ನು ಇವತ್ತಿನ ಗಿಡ ನೋಡಿದರೂ ಹೇಳಬಹುದು. ಬಳ್ಳಿ ಬೀನ್ಸಿನ ತುದಿ ಎಂದೂ ಮುಗಿಯುವುದಿಲ್ಲ. ಎಲೆಯ ಕಂಕುಳಲ್ಲಿ ಹೂ ಬಿಡುತ್ತ, ತುದಿಯಲ್ಲಿ ಹೊಸ ಎಲೆ ತೆಗೆಯುತ್ತ ಆಧಾರ ಸಿಕ್ಕಷ್ಟು ಹೋಗುತ್ತಲೇ ಇರುತ್ತದೆ. ಗಿಡ್ಡ ಬೀನ್ಸಿನಲ್ಲಿ ಕೆಲವೇ ಗೆಣ್ಣು ಬೆಳೆದ ಮೇಲೆ ತುದಿಯೇ ಹೂಗೊಂಚಲಾಗಿಬಿಡುತ್ತದೆ. ತುದಿ ಹೂವಾಯಿತೆಂದರೆ ಮುಂದೆ ಬೆಳೆಯಲು ದಾರಿಯಿಲ್ಲ. ಗಿಡ ಪಕ್ಕಕ್ಕೆ ಟಿಸಿಲೊಡೆದು, ಎಲ್ಲ ಹೂವನ್ನೂ ಹೆಚ್ಚುಕಡಿಮೆ ಒಟ್ಟಿಗೆ ಬಿಟ್ಟು, ಬೇಗ ಕಾಯಿ ಕೊಟ್ಟು ಮುಗಿಸುತ್ತದೆ. ಕಾಡಿನಲ್ಲಿ ಇಂಥ ಗಿಡ ಹುಟ್ಟಿದ್ದರೆ ಸುತ್ತಲಿನ ಪೊದೆಯ ನೆರಳಲ್ಲಿ ಸತ್ತೇ ಹೋಗುತ್ತಿತ್ತು. ಹೊಲದಲ್ಲಿ ಹುಟ್ಟಿದ್ದರಿಂದ, ಮತ್ತು ಯಾರೋ ಕಿತ್ತೆಸೆಯದೆ ಅದರ ಬೀಜ ಇಟ್ಟಿದ್ದರಿಂದ, ಉಳಿಯಿತು.

ಈ ತುದಿಯ ಗುಟ್ಟು ಒಂದೇ ವಂಶವಾಹಿಯಲ್ಲಿದೆ ಎಂದು 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಾಲ್ ಗೆಪ್ಟ್ಸ್ ಮತ್ತು ಜೊತೆಗಾರರು ತೋರಿಸಿದರು. 'ಈಗಲೇ ಹೂವಾಗಬೇಡ' ಎಂದು ತುದಿಗೆ ಹೇಳುವ ವಂಶವಾಹಿ ಅದು. ಗಿಡ್ಡ ತಳಿಗಳಲ್ಲಿ ಅದು ಕೆಟ್ಟಿರುತ್ತದೆ. ಹಲವು ತಳಿಗಳಲ್ಲಿ ಕೆಟ್ಟಿರುವ ಕಾರಣವೂ ಸಿಕ್ಕಿತು: ವರ್ಣತಂತುವಿನಲ್ಲಿ ತನ್ನಷ್ಟಕ್ಕೆ ನಕಲಾಗಿ ಜಾಗ ಬದಲಿಸುವ ಒಂದು ತುಣುಕು ಬಂದು ಆ ವಂಶವಾಹಿಯ ನಡುವೆ ಕುಳಿತುಬಿಟ್ಟಿತ್ತು. ಎಲ್ಲ ಗಿಡ್ಡ ತಳಿಗಳಲ್ಲೂ ಕೆಟ್ಟಿರುವ ರೀತಿ ಒಂದೇ ಅಲ್ಲ. ಅಂದರೆ ಗಿಡ್ಡ ಬೀನ್ಸ್ ಹುಟ್ಟಿದ್ದು ಒಂದು ಸಲವಲ್ಲ, ಹಲವು ಸಲ. ಹಲವು ಊರಿನವರು ತಮ್ಮ ತಮ್ಮ ಹೊಲದಲ್ಲಿ ಅದನ್ನು ಬೇರೆ ಬೇರೆಯಾಗಿ ಕಂಡು ಉಳಿಸಿಕೊಂಡರು. ಗೆಪ್ಟ್ಸ್ ಅವರ ತಂಡಕ್ಕೆ ಸಿಕ್ಕದ್ದು ಆ ಜನರ ಹೆಸರಲ್ಲ, ಅವರ ಆಯ್ಕೆಯ ಗುರುತು.

ಇದಕ್ಕೆ ಒಂದೂವರೆ ಶತಮಾನ ಮೊದಲೇ ಗಿಡ್ಡ ಮತ್ತು ಬಳ್ಳಿ ಬೀನ್ಸನ್ನು ಕೂಡಿಸಿ ನೋಡಿದವರೊಬ್ಬರಿದ್ದರು. ಗ್ರೆಗರ್ ಮೆಂಡೆಲ್ ಎಂದರೆ ನಮಗೆ ಬಟಾಣಿ. ಬ್ರೂನ್ ಪಟ್ಟಣದಲ್ಲಿ 1865ರಲ್ಲಿ ಓದಿ ಮರುವರ್ಷ ಅಚ್ಚಾದ ಅವರ ಪ್ರಬಂಧದ ಕೊನೆಯ ಕಡೆ ಬೀನ್ಸ್ ಪ್ರಯೋಗವೂ ಇದೆ, ಓದುವವರು ಕಡಿಮೆ. ಹತ್ತು ಹನ್ನೆರಡು ಅಡಿ ಹಬ್ಬುವ ಬಳ್ಳಿಗೆ ಗಿಡ್ಡ ಜಾತಿಯನ್ನು ಕೂಡಿಸಿದರು. ಬಟಾಣಿಯ ಲೆಕ್ಕವೇ ಇಲ್ಲೂ ಸರಿಹೋಯಿತು. ಆದರೆ ಗಿಡ್ಡ ಬೀನ್ಸಿಗೆ ಕೆಂಪು ಹೂವಿನ ಬೇರೆ ಜಾತಿಯ ಬೀನ್ಸ್ ಕೂಡಿಸಿದಾಗ ಹೂವಿನ ಬಣ್ಣದ ಲೆಕ್ಕ ತಪ್ಪಿತು. ಕೆಂಪಿನಿಂದ ತಿಳಿ ನೇರಳೆಯವರೆಗೆ ನಾನಾ ಬಣ್ಣ ಬಂದವು, 31 ಗಿಡಗಳಲ್ಲಿ ಬಿಳಿ ಹೂ ಬಿಟ್ಟದ್ದು ಒಂದೇ ಒಂದು. ಬಣ್ಣವನ್ನು ಆಳುವುದು ಒಂದಲ್ಲ, ಎರಡೋ ಅದಕ್ಕಿಂತ ಹೆಚ್ಚೋ ಅಂಶಗಳಿರಬೇಕು ಎಂದು ಅವರು ಊಹಿಸಿದರು. ಊಹೆ ಸರಿಯಾದ ದಿಕ್ಕಿನಲ್ಲೇ ಇತ್ತು. ಲೆಕ್ಕ ಸರಿಹೋದ ಬಟಾಣಿಯಷ್ಟೇ ಲೆಕ್ಕ ತಪ್ಪಿದ ಬೀನ್ಸನ್ನೂ ಬರೆದಿಟ್ಟ ಆ ಮನುಷ್ಯನ ಪ್ರಾಮಾಣಿಕತೆ ನನಗೆ ಬಟಾಣಿಗಿಂತ ದೊಡ್ಡದಾಗಿ ಕಾಣುತ್ತದೆ.

ಈಗ ನಾರಿನ ವಿಷಯಕ್ಕೆ ಬರೋಣ. ಗಿಡಕ್ಕೆ ನಾರು ಸುಮ್ಮನೆ ಇರುವುದಲ್ಲ. ಕಾಯಿಯ ಎರಡೂ ಅಂಚಿನಗುಂಟ ಗಟ್ಟಿ ಎಳೆಗಳ ಕಟ್ಟು ಓಡುತ್ತದೆ, ಸಿಪ್ಪೆಯ ಒಳಮೈಯಲ್ಲೂ ಓರೆಯಾಗಿ ನಾರಿನ ಪದರಿರುತ್ತದೆ. ಬಿಸಿಲಿಗೆ ಒಣಗಿದಾಗ ಇವು ಒಂದನ್ನೊಂದು ಎಳೆದು, ಅಂಚು ಬಿರಿದು, ಎರಡು ಹೋಳೂ ತಿರುಚಿಕೊಂಡು ಬೀಜವನ್ನು ದೂರ ಚಿಮ್ಮಿಸುತ್ತವೆ. ಕಾಡಿನ ಗಿಡಕ್ಕೆ ಇದು ಸಂತಾನದ ದಾರಿ. ಬೇಸಾಯ ಮಾಡುವವರಿಗೆ ಕಾಯಿ ಸಿಡಿಯುವುದು ನಷ್ಟ. ಹಾಗಾಗಿ ಪಳಗಿಸುವಾಗಲೇ ನಾರು ಒಂದಿಷ್ಟು ಕಡಿಮೆಯಾಗಿತ್ತು. ಪೂರ್ತಿ ಹೋಗಿರಲಿಲ್ಲ. ಒಣ ಕಾಳಿಗಾಗಿ ಬೆಳೆಯುವವರಿಗೆ ಅಂಚಿನ ಎಳೆ ಇದ್ದರೇನು, ಇಲ್ಲದಿದ್ದರೇನು? ಎಳೆಗಾಯಿ ತಿನ್ನುವ ರೂಢಿ ಯುರೋಪಿನಲ್ಲಿ ಬಲಿತ ಮೇಲೆಯೇ ನಾರು ಒಂದು ಪೀಡೆ ಅನಿಸಿದ್ದು.

ಅದರ ಬೆನ್ನು ಹತ್ತಿದವರು ಕ್ಯಾಲ್ವಿನ್ ಕೀನಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮಕ್ಕೆ ಲೆರಾಯ್ ಎಂಬ ಸಣ್ಣ ಊರು. ಅಲ್ಲಿ ಕೀನಿಯವರ ಮನೆತನದ್ದು ಬೀಜದ ವ್ಯಾಪಾರ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅವರು ತಮ್ಮ ಬೀನ್ಸ್ ಹೊಲಗಳಲ್ಲಿ ನಾರಿಲ್ಲದ ಕಾಯಿಯ ಗಿಡಗಳನ್ನು ಹುಡುಕುತ್ತ, ಸಿಕ್ಕವನ್ನು ಆರಿಸುತ್ತ, ಕೂಡಿಸುತ್ತ ಬಂದರು. ಕೇಳಲು ಸುಲಭ. ಮಾಡಲು ಹೊರಟರೆ ತಿಳಿಯುತ್ತದೆ, ಇದರಲ್ಲಿ ಯಾವ ಅಡ್ಡದಾರಿಯೂ ಇಲ್ಲ. ನಾರಿನ ಗಿಡಕ್ಕೂ ನಾರಿಲ್ಲದ ಗಿಡಕ್ಕೂ ಎಲೆ ಒಂದೇ, ಹೂ ಒಂದೇ, ಬೀಜ ಒಂದೇ. ಹೊರಗಿಂದ ಕಾಯಿಯೂ ಒಂದೇ. ಪ್ರತಿ ಗಿಡದ ಮುಂದೆ ಬಗ್ಗಿ ಒಂದು ಕಾಯಿ ಕಿತ್ತು ಮುರಿಯಬೇಕು. ನಾರು ಬಂತೋ, ಮುಂದಿನ ಗಿಡ. ಬರಲಿಲ್ಲವೋ, ಆ ಗಿಡಕ್ಕೆ ಗುರುತು ಕಟ್ಟಿ, ಉಳಿದ ಕಾಯಿಗಳನ್ನು ಬೀಜಕ್ಕೆ ಬಿಟ್ಟು, ಮುಂದಿನ ವರ್ಷ ಅದರ ಸಂತಾನದ ಒಂದೊಂದು ಗಿಡವನ್ನೂ ಮತ್ತೆ ಮುರಿದು ನೋಡಬೇಕು. ಸೂಪರ್ ಮಾರ್ಕೆಟ್ಟಿನವರು ದಿನಾ ಮಾಡುವ ಪರೀಕ್ಷೆಯನ್ನು ಇಡೀ ಹೊಲಕ್ಕೆ ಮಾಡಿದರೆ ಏನಾಗುತ್ತದೋ ಅದೇ ಕೀನಿಯವರ ವಿಜ್ಞಾನ. ಮೆಂಡೆಲ್‌ರ ಪ್ರಬಂಧ ಆಗ ಗ್ರಂಥಾಲಯಗಳಲ್ಲಿ ಧೂಳು ಹಿಡಿದು ಕೂತಿತ್ತು. ಅದು ಮತ್ತೆ ಬೆಳಕಿಗೆ ಬಂದದ್ದು 1900ರಲ್ಲಿ.

1894ರಲ್ಲಿ ಫಿಲಡೆಲ್ಫಿಯಾದ ಬರ್ಪಿ ಬೀಜ ಕಂಪನಿ ಕೀನಿಯವರ ತಳಿಯನ್ನು 'ಬರ್ಪೀಸ್ ಸ್ಟ್ರಿಂಗ್‌ಲೆಸ್ ಗ್ರೀನ್ ಪಾಡ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಹಸಿರು ಕಾಯಿ, ನಾರಿಲ್ಲ, ಮೇಲಾಗಿ ಗಿಡ್ಡ ಗಿಡ. ಮನೆಗಳ ಹಿತ್ತಲಿಗೆ ಹೇಳಿ ಮಾಡಿಸಿದ ತಳಿ. ಹೆಸರು ಮಾತ್ರ ಮಾರಿದವರದು, ಹೊಲದಲ್ಲಿ ಬಗ್ಗಿದವರದಲ್ಲ. ಲೆರಾಯ್ ಊರೂ ಇವತ್ತು ಹೆಸರಾಗಿರುವುದು ಬೀನ್ಸಿಗಲ್ಲ, 1897ರಲ್ಲಿ ಅಲ್ಲೇ ಹುಟ್ಟಿದ ಜೆಲ್-ಓ ಎಂಬ ಸಿಹಿಗೆ. ಲೋಕರೂಢಿ.

ಕೀನಿಯವರು ಹೊಲದಲ್ಲಿ ಮಾಡಿದ್ದು ಏಕೆ ಫಲಿಸಿತು ಎಂಬುದಕ್ಕೆ ಉತ್ತರ ಬಂದದ್ದು ಮತ್ತೊಬ್ಬರ ತಕ್ಕಡಿಯಿಂದ, ಅದೂ ಬೀನ್ಸಿನ ತೂಕ ಹಾಕಿದ್ದರಿಂದ. ಅದನ್ನು ಹೇಳುವ ಮೊದಲು ಬೀನ್ಸಿನ ಹೂವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬಿತ್ತಿದ ಮೂವತ್ತೈದು ನಲವತ್ತು ದಿನಕ್ಕೆ ಗಿಡದಲ್ಲಿ ಬಿಳಿಯದೋ ತಿಳಿ ನೇರಳೆಯದೋ ಮೊಗ್ಗು ಕಾಣುತ್ತದೆ. ನಾಳೆ ಅರಳಲಿರುವ ಮೊಗ್ಗೊಂದನ್ನು ಸಂಜೆ ಕಿತ್ತು, ಉಗುರಿನಿಂದ ಮೇಲಿನ ದೊಡ್ಡ ದಳ ಸರಿಸಿ, ಎರಡು ಪಕ್ಕದ ರೆಕ್ಕೆಗಳನ್ನು ಬಿಡಿಸಿದರೆ ಒಳಗೆ ಕೆಳದಳಗಳೆರಡು ಒಂದಾಗಿ ಶಂಖದ ಹಾಗೆ ಸುರುಳಿ ಸುತ್ತಿಕೊಂಡಿರುವುದು ಕಾಣುತ್ತದೆ. ಬಟಾಣಿ, ಕಡಲೆ, ತೊಗರಿ ಯಾವುದರ ಹೂವಿನಲ್ಲೂ ಈ ಪರಿ ಸುರುಳಿ ಇಲ್ಲ. ಆ ಸುರುಳಿಯೊಳಗೆ ಹತ್ತು ಕೇಸರ, ನಡುವೆ ಒಂದು ಶಲಾಕೆ, ಅವೂ ಸುತ್ತಿಕೊಂಡೇ ಇರುತ್ತವೆ. ಹೂ ಅರಳುವ ಮೊದಲೇ, ಒಳಗೊಳಗೇ, ಕೇಸರ ಒಡೆದು ಪರಾಗ ತನ್ನದೇ ಶಲಾಕೆಗೆ ಹತ್ತಿಬಿಡುತ್ತದೆ. ಬೆಳಗ್ಗೆ ಜೇನು ಬರುವ ಹೊತ್ತಿಗೆ ಮದುವೆ ಮುಗಿದಿರುತ್ತದೆ. ಹಾಗಾಗಿ ಬೀನ್ಸಿನ ಬೀಜಕ್ಕೆ ತಂದೆಯೂ ತಾಯಿಯೂ ಸಾಮಾನ್ಯವಾಗಿ ಒಂದೇ ಗಿಡ. ಎರಡು ತಳಿಯನ್ನು ಅಕ್ಕಪಕ್ಕದ ಮಡಿಯಲ್ಲಿ ಹಾಕಿದರೂ ಬೆರಕೆಯಾಗುವುದು ಅಪರೂಪ.

ಈ ಗುಣವನ್ನು ಬಳಸಿಕೊಂಡವರು ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್‌ಸೆನ್. 1857ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹುಟ್ಟಿದವರು. ವಿಶ್ವವಿದ್ಯಾಲಯಕ್ಕೆ ಕಳಿಸಲು ಮನೆಯಲ್ಲಿ ದುಡ್ಡಿರಲಿಲ್ಲವೆಂದು ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯಲು ನಿಂತರು. ಆಮೇಲೆ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರದ ಸಹಾಯಕ. ಬೀಜ, ಮೊಳಕೆ, ತೂಕ ಎಂದು ದುಡಿದ ಕೈ. ಆ ಕಾಲಕ್ಕೆ ಫ್ರಾನ್ಸಿಸ್ ಗಾಲ್ಟನ್ ಅವರ ಅಂಕಿಸಂಖ್ಯೆಯ ವಾದ ಜೋರಾಗಿತ್ತು: ದೊಡ್ಡ ಬೀಜ ಆರಿಸಿದರೆ ಸಂತಾನದ ಬೀಜ ಸರಾಸರಿಯಲ್ಲಿ ದೊಡ್ಡದಾಗುತ್ತದೆ, ಆದರೆ ತಾಯಿಯಷ್ಟಲ್ಲ. ಹಾಗಾದರೆ ವರ್ಷ ವರ್ಷ ದೊಡ್ಡದನ್ನೇ ಆರಿಸುತ್ತ ಹೋದರೆ ದೊಡ್ಡದಾಗುತ್ತಲೇ ಹೋಗುತ್ತದೆಯೇ? ಯೊಹಾನ್‌ಸೆನ್ 'ಪ್ರಿನ್ಸೆಸ್' ಎಂಬ ಗಿಡ್ಡ ಬೀನ್ಸ್ ತಳಿಯ ಬೀಜ ತಂದು ತೂಗಲು ಕೂತರು. ಒಂದೊಂದು ಬೀಜದ ಸಂತಾನವನ್ನು ಬೇರೆ ಬೇರೆ ಇಟ್ಟು 19 ಸಾಲು ಮಾಡಿದರು. ಹೂ ತನ್ನಷ್ಟಕ್ಕೆ ತಾನೇ ಕಟ್ಟಿಕೊಳ್ಳುವುದರಿಂದ ಒಂದು ಸಾಲಿನ ಗಿಡಗಳೆಲ್ಲ ಹುಟ್ಟಿನಲ್ಲಿ ಒಂದೇ. 1902ರ ಸುಗ್ಗಿಯಲ್ಲಿ ತೂಗಿದ ಬೀಜ 5494. ಒಂದೊಂದನ್ನೂ ಬೇರೆ ಬೇರೆಯಾಗಿ.

ಸಾಲುಗಳ ನಡುವೆ ವ್ಯತ್ಯಾಸ ಢಾಳಾಗಿ ಕಂಡಿತು. ಮೊದಲ ಸಾಲಿನ ಸರಾಸರಿ ಬೀಜ 642 ಮಿಲಿಗ್ರಾಂ, ಹತ್ತೊಂಬತ್ತನೆಯದು 351. ಆದರೆ ಒಂದೇ ಸಾಲಿನ ಒಳಗೆ? ಅಲ್ಲೂ ದೊಡ್ಡ ಬೀಜ ಸಣ್ಣ ಬೀಜ ಎರಡೂ ಇದ್ದವು. ದೊಡ್ಡದನ್ನು ಬಿತ್ತಿದರೂ ಸಣ್ಣದನ್ನು ಬಿತ್ತಿದರೂ ಮುಂದಿನ ಸುಗ್ಗಿಯ ಸರಾಸರಿ ಅಷ್ಟಕ್ಕಷ್ಟೇ ಬಂತು. ಆರು ತಲೆಮಾರು ಆರಿಸಿದರೂ ಸಾಲು ಜಗ್ಗಲಿಲ್ಲ. ಒಂದೇ ಗಿಡದಲ್ಲಿ ಕಾಯಿಯ ನಡುವಿದ್ದ ಬೀಜಕ್ಕೆ ಹೊಟ್ಟೆತುಂಬ ಸಿಕ್ಕಿತು, ತುದಿಯದಕ್ಕೆ ಸಿಗಲಿಲ್ಲ, ಅಷ್ಟೇ. ಅದು ಮಕ್ಕಳಿಗೆ ದಾಟುವ ಗುಣವಲ್ಲ. ಕಣ್ಣಿಗೆ ಕಾಣುವ ರೂಪ ಬೇರೆ, ಒಳಗಿಂದ ದಾಟಿ ಬರುವುದು ಬೇರೆ. ಇದರ ಮೊದಲ ಫಲಿತಾಂಶ 1903ರಲ್ಲೇ ಅಚ್ಚಾಗಿತ್ತು. ಗಾಲ್ಟನ್‌ರ ವಾದಕ್ಕೆ ಮಿತಿ ಹಾಕಿದ ಆ ಪುಸ್ತಕವನ್ನು ಗಾಲ್ಟನ್‌ರಿಗೇ ಅರ್ಪಿಸಿದರು. 1909ರಲ್ಲಿ ಆ ದಾಟಿ ಬರುವುದಕ್ಕೆ 'ಜೀನ್' ಎಂದು ಹೆಸರಿಟ್ಟವರೂ ಅವರೇ. ಇಂದು ಆಸ್ಪತ್ರೆಯ ವರದಿಯಿಂದ ಹಿಡಿದು ನ್ಯಾಯಾಲಯದ ತೀರ್ಪಿನವರೆಗೆ ಕಾಣುವ ಆ ಮಾತಿನ ಹಿಂದೆ ಒಂದು ಗಿಡ್ಡ ಬೀನ್ಸ್ ಇದೆ.

ಹಿತ್ತಲಲ್ಲಿ ಬೀಜ ಎತ್ತಿಡುವವರಿಗೆ ಇದರಿಂದ ನೇರ ಪ್ರಯೋಜನವಿದೆ. ನಾವು ಒಣಗಿದ ಕಾಯಿಗಳನ್ನೆಲ್ಲ ಮೊರಕ್ಕೆ ಸುಲಿದು, ಅದರಲ್ಲಿ ದಪ್ಪ ಕಾಳು ಆರಿಸಿ ಮುಂದಿನ ಬಿತ್ತನೆಗೆಂದು ಡಬ್ಬಿಗೆ ಹಾಕುತ್ತೇವೆ. ಒಳ್ಳೆಯ ಮೊಳಕೆಗೆ ಅದು ಸರಿ. ತಳಿ ಸುಧಾರಿಸುತ್ತದೆ ಎಂದುಕೊಂಡರೆ ಅದು ಭ್ರಮೆ. ಆರಿಸಬೇಕಾದ್ದು ಕಾಳನ್ನಲ್ಲ, ಗಿಡವನ್ನು, ಮೊರದ ಮುಂದೆ ಅಲ್ಲ, ಮಡಿಯಲ್ಲಿ. ಕೀನಿಯವರು ಆರಿಸಿದ್ದು ಗಿಡವನ್ನೇ, ಅದಕ್ಕೇ ಫಲಿಸಿತು.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. ಕಾರಣ ಗೊತ್ತಾದ ಮೇಲೆ ಕೆಲಸ ಪ್ರಯೋಗಾಲಯಗಳಿಗೆ ಬಂತು. ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಅಲ್ಲಿನ ಕೃಷಿ ಇಲಾಖೆಯ ತರಕಾರಿ ತಳಿ ಕೇಂದ್ರ 1949ರಲ್ಲಿ 'ಕಂಟೆಂಡರ್' ಎಂಬ ತಳಿ ಬಿಡುಗಡೆ ಮಾಡಿತು. ಸೆಕೆ ತಡೆಯುವ, ಬೇಗ ಕಾಯಿ ಬಿಡುವ, ನಾರಿಲ್ಲದ ಗಿಡ್ಡ ಬೀನ್ಸ್. ಅದು ನಮ್ಮ ದೇಶಕ್ಕೂ ಬಂದು, ಇಂದಿಗೂ ಬೀಜದ ಅಂಗಡಿಗಳಲ್ಲಿ ಅದೇ ಹೆಸರಿನಿಂದ ಸಿಗುತ್ತದೆ. ಬೆಂಗಳೂರಿನಲ್ಲಿ 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶುರುವಾಯಿತು. ಹೆಸರಘಟ್ಟದ ಅದರ ತಾಕುಗಳಲ್ಲಿ ಕಂಟೆಂಡರ್ ಮತ್ತೊಂದು ತಳಿಯ ಜೊತೆ, ಬ್ಲೂ ಕ್ರಾಪ್ ಎಂಬುದರ ಜೊತೆ, ಕೂಡಿತು. ಮೇಲೆ ಹೇಳಿದ ಆ ಸುರುಳಿಯನ್ನು ಮೊಗ್ಗಿನಲ್ಲೇ ಬಿಡಿಸಿ, ಹತ್ತು ಕೇಸರವನ್ನೂ ಚಿಮಟಿಗೆಯಿಂದ ತೆಗೆದು, ಬೇರೆ ಗಿಡದ ಪರಾಗ ಮುಟ್ಟಿಸಬೇಕು. ಶಲಾಕೆಗೆ ತುಸು ಗಾಯವಾದರೂ ಮೊಗ್ಗು ಉದುರಿತು. ಕೂಡಿದ್ದರಿಂದ ಬಂದ ಸಂತಾನವನ್ನು ತಲೆಮಾರಿನಿಂದ ತಲೆಮಾರಿಗೆ, ಗಿಡದಿಂದ ಗಿಡಕ್ಕೆ ಸೋಸಿ ತೆಗೆದ ತಳಿ 'ಅರ್ಕಾ ಸುವಿಧಾ'. ಗಿಡ್ಡ, ನಾರಿಲ್ಲದ, ತಿಳಿಹಸಿರಿನ ರಸಭರಿತ ಕಾಯಿ. ಹಗಲು ಉದ್ದವಿರಲಿ ಗಿಡ್ಡವಿರಲಿ ಹೂ ಬಿಡುತ್ತದೆ. ಸುಮಾರು 70 ದಿನದ ಬೆಳೆ, ಹೆಕ್ಟೇರಿಗೆ 19 ಟನ್ ಎಂದು ಸಂಸ್ಥೆಯ ಲೆಕ್ಕ. ಅದೇ ಸಂಸ್ಥೆಯ 'ಅರ್ಕಾ ಕೋಮಲ್' ಅದಕ್ಕಿಂತ ಹಳೆಯದು, ಚಪ್ಪಟೆ ಕಾಯಿಯದು, ರೈತರು ಹೆಚ್ಚು ಬಳಸಿದ್ದು. ಕೋಮಲ್‌ಗೆ 'ಅರ್ಕಾ ಬೋಲ್ಡ್' ಕೂಡಿಸಿ ತುಕ್ಕುರೋಗ ಮತ್ತು ಬ್ಯಾಕ್ಟೀರಿಯಾ ಅಂಗಮಾರಿ ಎರಡನ್ನೂ ತಡೆಯುವ 'ಅರ್ಕಾ ಅನೂಪ್' ತೆಗೆದರು.

ಮೊಗ್ಗು ಬಿಡಿಸಿ ಕೂಡಿಸುವ ಈ ಕೆಲಸ ಧಾರವಾಡಕ್ಕೆ ಹೊಸದಲ್ಲ. ಇಲ್ಲಿ ಬಿ.ಎಚ್. ಕಟರಕಿಯವರು ಎರಡು ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ 1972ರಲ್ಲಿ 'ವರಲಕ್ಷ್ಮಿ' ಹೈಬ್ರಿಡ್ ಕೊಟ್ಟರು. ಅದರ ಬೀಜಕ್ಕಾಗಿ ಹೊಲಗಳಲ್ಲಿ ಹೆಣ್ಣುಮಕ್ಕಳು ಒಂದೊಂದೇ ಹತ್ತಿ ಮೊಗ್ಗು ಬಿಡಿಸುತ್ತಿದ್ದರು. ಬೀನ್ಸಿಗೆ ಅಂಥ ಖರ್ಚಿಲ್ಲ. ಒಮ್ಮೆ ಸ್ಥಿರವಾದ ತಳಿ ಸಿಕ್ಕರೆ ಹೂವೇ ಮುಂದಿನದನ್ನು ನೋಡಿಕೊಳ್ಳುತ್ತದೆ. ವರ್ಷ ವರ್ಷ ಪ್ಯಾಕೆಟ್ ಕೊಳ್ಳುವ ಅಗತ್ಯವೇ ಇಲ್ಲ. ಬೀಜದ ಅಂಗಡಿಯವರು ಇದನ್ನು ಹೇಳಲಾರರು, ಅದಕ್ಕೇ ಇಲ್ಲಿ ಹೇಳಿದೆ.

ಇನ್ನು ನಮ್ಮ ಅವಳಿ ನಗರದ ಮಾತು. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಮಲೆನಾಡಿನ ಸೆರಗು, ತಂಪು ಸಂಜೆ, ಬಹಳ ಕಡೆ ಮಸಾರಿ ಮಣ್ಣು. ಬೀನ್ಸ್ ಕೇಳುವುದೂ ಅದನ್ನೇ. ಇಪ್ಪತ್ತು ಕಿಲೊಮೀಟರ್ ಆಚೆ ಹುಬ್ಬಳ್ಳಿ ತುಸು ತಗ್ಗು, ತುಸು ಬಿಸಿ, ಮೇಲಾಗಿ ಎರಿ ಮಣ್ಣು. ಎರಿ ಮಣ್ಣು ಜೋಳಕ್ಕೆ, ಹತ್ತಿಗೆ, ಕಡಲೆಗೆ ತಾಯಿ. ಬೀನ್ಸಿಗೆ ಅದರಲ್ಲಿ ಎರಡು ತೊಂದರೆ. ಮಳೆ ಹಿಡಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಮಳೆ ಬಿಟ್ಟರೆ ಮೇಲೆ ಹೆಪ್ಪುಗಟ್ಟುತ್ತದೆ. ಬೀನ್ಸಿನ ಮೊಳಕೆ ತನ್ನೆರಡು ಬೇಳೆಗಳನ್ನು ಹೊತ್ತುಕೊಂಡು, ಕುತ್ತಿಗೆ ಬಗ್ಗಿಸಿ ಮೇಲೆ ಬರುವಂಥದ್ದು, ಹೆಪ್ಪು ಗಟ್ಟಿಯಿದ್ದರೆ ಕುತ್ತಿಗೆಯೇ ಮುರಿಯುತ್ತದೆ. ಹಾಗಾಗಿ ಹುಬ್ಬಳ್ಳಿಯವರು ಗೇಣೆತ್ತರದ ಏರುಮಡಿ ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸಾಧ್ಯವಾದರೆ ಒಂದೆರಡು ಬುಟ್ಟಿ ಮಸಾರಿ ಮಣ್ಣು ಬೆರೆಸಿಕೊಳ್ಳುವುದು ಒಳ್ಳೆಯದು. ಗೊಬ್ಬರ ಬೇಕೇ ಬೇಕು. ದ್ವಿದಳ ಧಾನ್ಯ, ಗಾಳಿಯ ಸಾರಜನಕ ಹಿಡಿಯುತ್ತದೆ ಎಂದು ನೆಚ್ಚಿ ಕೂರಬಾರದು; ಆ ವಿದ್ಯೆಯಲ್ಲಿ ಬೀನ್ಸ್ ತನ್ನ ಬಳಗದಲ್ಲೇ ಹಿಂದಿನ ಬೆಂಚಿನದು.

ಬಿತ್ತಲು ಎರಡು ಹೊತ್ತು: ಮುಂಗಾರು ಹದವಾದ ಜೂನ್–ಜುಲೈ, ಮತ್ತೆ ಅಕ್ಟೋಬರ್–ನವೆಂಬರ್. ನನ್ನ ಮಟ್ಟಿಗೆ ಎರಡನೆಯದೇ ವಾಸಿ, ತುಕ್ಕಿನ ಕಾಟ ಕಡಿಮೆ. ಮಾರ್ಚ್ ಏಪ್ರಿಲ್‌ನಲ್ಲಿ ಬಿತ್ತಿದರೆ ಗಿಡವೇನೋ ಬರುತ್ತದೆ, ಹೂವೂ ಬರುತ್ತದೆ, ಬಿಸಿಗೆ ಪರಾಗ ಸತ್ತು ಹೂವೆಲ್ಲ ಉದುರುತ್ತದೆ. ಒಂದು ಅಂಗುಲ ಆಳ, ಗಿಡದಿಂದ ಗಿಡಕ್ಕೆ ಗೇಣಿಗಿಂತ ತುಸು ಕಡಿಮೆ, ಸಾಲಿಂದ ಸಾಲಿಗೆ ಒಂದೂವರೆ ಗೇಣು. ಬೀಜವನ್ನು ರಾತ್ರಿಯೆಲ್ಲ ನೆನೆಹಾಕಬೇಡಿ, ಬೇಳೆ ಬಿರಿಯುತ್ತದೆ. ಹದವಿದ್ದ ಮಣ್ಣಿಗೆ ಒಣ ಬೀಜವೇ ಸಾಕು. ಎರಡೆಲೆಯ ಸಸಿ ಇದ್ದಕ್ಕಿದ್ದಂತೆ ಬಾಡಿ, ಬುಡ ಊದಿ ಸೀಳಿದ್ದರೆ ಅದು ಕಾಂಡದ ನೊಣದ ಕೆಲಸ. ಅಂಥ ಸಸಿ ಕಿತ್ತು ಸುಟ್ಟು, ಉಳಿದವಕ್ಕೆ ಬುಡಕ್ಕೆ ಮಣ್ಣೇರಿಸಿದರೆ ಮೇಲಿನಿಂದ ಹೊಸ ಬೇರು ಒಡೆದು ಹಲವು ಬದುಕುತ್ತವೆ.

ಕೊಯ್ಲಿನ ಗುಟ್ಟು ಗಿಡ್ಡ ಬೀನ್ಸಿನ ಹುಟ್ಟಿನಲ್ಲೇ ಇದೆ. ತುದಿ ಹೂವಾಗಿ ಮುಗಿದ ಗಿಡವಾದ್ದರಿಂದ ಫಸಲು ಎರಡು ಮೂರು ವಾರಗಳಲ್ಲಿ ಒತ್ತಿ ಬರುತ್ತದೆ. ಬಿತ್ತಿದ 45–50 ದಿನಕ್ಕೆ ಶುರು. ಒಳಗಿನ ಕಾಳು ಹೊರಗೆ ಗುಬ್ಬಿಯಾಗಿ ಕಾಣುವ ಮೊದಲೇ ಕೊಯ್ಯಬೇಕು. ಎರಡು ಮೂರು ದಿನಕ್ಕೊಮ್ಮೆ ಕೊಯ್ಯುತ್ತಿದ್ದರೆ ಗಿಡ ಹೂ ಬಿಡುತ್ತದೆ. ಒಂದಷ್ಟು ಕಾಯಿ ಬಲಿಯಲು ಬಿಟ್ಟಿರೋ, ಬೀಜ ಆಯಿತೆಂದು ಗಿಡ ಕೆಲಸ ಬಿಡುತ್ತದೆ. ಬೇರು ಮೇಲುಮೇಲಕ್ಕೇ ಇರುವುದರಿಂದ ಒಂದು ಕೈಯಲ್ಲಿ ಕಡ್ಡಿ ಹಿಡಿದು ಇನ್ನೊಂದರಲ್ಲಿ ಕಾಯಿ ಬಿಡಿಸಬೇಕು. ಎಲೆಯ ಮೇಲೆ ಮಂಜು, ಮಳೆಹನಿ ಇದ್ದಾಗ ಮಡಿಗೆ ಇಳಿಯಬಾರದು. ಒದ್ದೆ ಕೈಯಿಂದಲೇ ರೋಗ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಸಂಸ್ಥೆಯ 19 ಟನ್ ಲೆಕ್ಕವನ್ನು ಚದರ ಮೀಟರಿಗೆ ಇಳಿಸಿದರೆ ಎರಡು ಕಿಲೊದ ಹತ್ತಿರ ಬರುತ್ತದೆ. ಹಿತ್ತಲಲ್ಲಿ ಅದರ ಅರ್ಧ ಬಂದರೂ ಎರಡು ಚದರ ಮೀಟರ್ ಮಡಿಯಿಂದ ನಾಲ್ಕು ಜನರ ಮನೆಗೆ ನಾಲ್ಕೈದು ಸಲದ ಪಲ್ಯ.

ಕೊನೆಯದಾಗಿ, ನಾರು ನಿಜಕ್ಕೂ ಹೋಗಿದೆಯೇ? ಪೂರ್ತಿ ಹೋಗಿಲ್ಲ. ನಾರಿಲ್ಲದ ತಳಿಯ ಮಡಿಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಗಿಡ ನಾರಿನ ಕಾಯಿ ಬಿಡುತ್ತದೆ. ಬೀಜ ಬೆಳೆಯುವವರಿಗೆ ಇದು ಬಹಳ ಹಿಂದಿನಿಂದ ಗೊತ್ತಿದ್ದ ತಲೆನೋವು. ಬೀಜ ಬೆರಕೆಯಾಗಿದೆ ಎಂದು ಬೈಯುವುದು ರೂಢಿ. ಡೇವಿಸ್‌ನ ಸಂಶೋಧಕರೇ 2022ರಲ್ಲಿ ಕಾರಣ ತೋರಿಸಿದರು. ನಾರಿಲ್ಲದ ತಳಿಗಳಲ್ಲಿ ಕಾಯಿಯ ಅಂಚನ್ನು ರೂಪಿಸುವ ಒಂದು ವಂಶವಾಹಿ ಎರಡು ಪ್ರತಿಯಾಗಿದೆ, ಜೊತೆಗೆ ಅಲ್ಲೂ ಒಂದು ಜಾಗ ಬದಲಿಸುವ ತುಣುಕು ಬಂದು ಸೇರಿಕೊಂಡಿದೆ. ಇದರಿಂದ ಆ ವಂಶವಾಹಿ ಅತಿಯಾಗಿ ಕೆಲಸ ಮಾಡಿ ನಾರು ಕಟ್ಟುವುದು ತಪ್ಪುತ್ತದೆ. ಅಪರೂಪಕ್ಕೆ ಯಾವುದೋ ತಲೆಮಾರಿನಲ್ಲಿ ಹೆಚ್ಚಿನ ಪ್ರತಿ ಕಳಚಿ ಬೀಳುತ್ತದೆ. ಕಳಚಿತೋ, ಕೀನಿಗಿಂತ ಹಿಂದಿನ ನಾರು ಮತ್ತೆ ಹಾಜರು. ಆ ಗಿಡದ ಬೀಜ ಡಬ್ಬಿಗೆ ಬಿದ್ದರೆ ಮುಂದಿನ ವರ್ಷ ಅದರ ಸಂತಾನವೂ ನಾರಿನದೇ.

ಆದ್ದರಿಂದ ಈ ಅಕ್ಟೋಬರಿನಲ್ಲಿ ಬಿತ್ತುವವರು ಬೀಜಕ್ಕೆಂದು ಹತ್ತು ಗಿಡ ಬೇರೆ ಇಟ್ಟುಕೊಳ್ಳಿ. ಒಂದೊಂದರಿಂದಲೂ ಒಂದು ಎಳೆಗಾಯಿ ಕಿತ್ತು ಮುರಿಯಿರಿ. ಎಳೆ ಬಂದ ಗಿಡದ ಕಾಯಿಯನ್ನೆಲ್ಲ ಪಲ್ಯಕ್ಕೆ ಹಾಕಿ, ಬೀಜಕ್ಕೆ ಬಿಡಬೇಡಿ. ಎಳೆ ಬಾರದ, ತುಕ್ಕು ಹತ್ತದ ಗಿಡಕ್ಕೆ ದಾರ ಕಟ್ಟಿ, ಕಾಯಿ ಗಿಡದಲ್ಲೇ ಒಣಗಿ ಗಲಗಲ ಎನ್ನುವವರೆಗೆ ಕಾಯ್ದು, ಸುಲಿದು, ನೆರಳಲ್ಲಿ ಒಣಗಿಸಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಚೆನ್ನಾಗಿ ಒಣಗಿದ್ದರೆ ಮೂರು ವರ್ಷದವರೆಗೂ ಮೊಳೆಯುತ್ತದೆ.